ಗೆದ್ದರೂ ಗಲ್ಲಾಪೆಟ್ಟಿಗೆ ತುಂಬದ ಬಾಕ್ಸರ್: ರಿಗೊಂಡೋ ಪ್ರಕರಣದ ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿಯ ಪ್ರಶ್ನೆ ಒಂದೇ. ಕೌಶಲದಲ್ಲಿ ಯಾರಿಗೂ ಕಡಿಮೆಯಿಲ್ಲದ ಬಾಕ್ಸರ್‌ನನ್ನು ನೋಡಲು ಜನ ಏಕೆ ಸೇರುವುದಿಲ್ಲ? "ಅವನ ಆಟ ಬೋರು" ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ಉತ್ತರ. ಉಳಿದರ್ಧ ದುಡ್ಡಿನ ಲೆಕ್ಕದಲ್ಲಿದೆ. ಅದನ್ನು ಬಿಡಿಸಿ ನೋಡದೆ ಈ ಪ್ರಕರಣ ಅರ್ಥವಾಗುವುದಿಲ್ಲ. ತೂಕದ ವರ್ಗ, 12 ಸುತ್ತು, ಸುತ್ತಿಗೆ 3 ನಿಮಿಷ, ಇವೆಲ್ಲ ಗೊತ್ತಿದೆ ಅಂದುಕೊಂಡೇ ಮುಂದೆ ಹೋಗೋಣ.

ಪ್ರಕರಣ

2013ರ ಏಪ್ರಿಲ್ 13, ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್, 122 ಪೌಂಡ್ ವರ್ಗ. ಒಂದು ಮೂಲೆಯಲ್ಲಿ ಫಿಲಿಪ್ಪೀನ್ಸ್ ಮೂಲದ ನೊನಿಟೊ ಡೊನೈರ್. 2012ರಲ್ಲಿ ನಾಲ್ಕು ಪಂದ್ಯ ಆಡಿ ನಾಲ್ಕನ್ನೂ ಗೆದ್ದು ವರ್ಷದ ಬಾಕ್ಸರ್ ಎನಿಸಿಕೊಂಡವರು. ಇನ್ನೊಂದು ಮೂಲೆಯಲ್ಲಿ ಕ್ಯೂಬಾದ ಗಿಯೆರ್ಮೊ ರಿಗೊಂಡೋ. 2000ದ ಸಿಡ್ನಿಯಲ್ಲೂ 2004ರ ಅಥೆನ್ಸ್‌ನಲ್ಲೂ ಒಲಿಂಪಿಕ್ ಚಿನ್ನ ಗೆದ್ದವರು, ಆದರೆ ವೃತ್ತಿಪರರಾಗಿ ಅವರಿಗೆ ಅದು ಬರೀ 12ನೇ ಪಂದ್ಯ. ಇಬ್ಬರ ಪ್ರೊಮೋಟರ್ ಸಂಸ್ಥೆಯೂ (ಪಂದ್ಯ ಏರ್ಪಡಿಸಿ ಮಾರುವ ಸಂಸ್ಥೆ) ಒಂದೇ, ಟಾಪ್ ರ‍್ಯಾಂಕ್. ಮೂವರು ತೀರ್ಪುಗಾರರೂ ರಿಗೊಂಡೋ ಗೆದ್ದರು ಅಂದರು: 114-113, 115-112, 116-111.

ಅಂಥ ಗೆಲುವಿನ ನಂತರ ರಿಗೊಂಡೋ ರಿಂಗ್‌ಗೆ ಮರಳಿದ್ದು ಡಿಸೆಂಬರ್‌ನಲ್ಲಿ. 2014ರಲ್ಲಿ ಒಂದು ಪಂದ್ಯ ಮಕಾವ್‌ನಲ್ಲಿ, ಇನ್ನೊಂದು ವರ್ಷದ ಕೊನೆಯ ದಿನ ಒಸಾಕಾದಲ್ಲಿ. ಆಮೇಲೆ 2015ರ ನವೆಂಬರ್‌ನಲ್ಲಿ ಬೇರೆ ಇಬ್ಬರು ತಾರೆಯರ ದೊಡ್ಡ ಪಂದ್ಯಕ್ಕೆ ಮೊದಲು ನಡೆಯುವ ಕಿರು ಪಂದ್ಯವೊಂದು. ಎರಡೂವರೆ ವರ್ಷದಲ್ಲಿ ನಾಲ್ಕೇ ಪಂದ್ಯ, ಅದೂ ಜನ ಹೆಸರು ಕೇಳದ ಎದುರಾಳಿಗಳೊಂದಿಗೆ. ಅವರನ್ನು ಟಿ.ವಿ.ಗೆ ಮಾರುವುದು ಕಷ್ಟ ಎಂದು ಪ್ರೊಮೋಟರೇ ಬಹಿರಂಗವಾಗಿ ಹೇಳಿದರು.

ಅಂಕಪಟ್ಟಿಯನ್ನು ಹಿಂದಕ್ಕೆ ಓದುವುದು

ಇದೊಂದು ಚಿಕ್ಕ ಉಪಾಯ, ಬಹಳ ಕೆಲಸಕ್ಕೆ ಬರುತ್ತದೆ. ಸುತ್ತು ಗೆದ್ದವನಿಗೆ 10, ಸೋತವನಿಗೆ 9, ನೆಲಕ್ಕೆ ಬಿದ್ದು ಸೋತರೆ 8. ಆ ರಾತ್ರಿ 10ನೇ ಸುತ್ತಿನಲ್ಲಿ ಡೊನೈರ್ ಎಡ ಹುಕ್‌ನಿಂದ (ಪಕ್ಕದಿಂದ ಬೀಸುವ ಹೊಡೆತ) ರಿಗೊಂಡೋರನ್ನು ಕೆಡವಿದ್ದರು. ಹಾಗಾಗಿ 114 ಅಂದರೆ: 7 ಸುತ್ತು ಗೆಲುವು (70), 4 ಸುತ್ತು ಸೋಲು (36), ಬಿದ್ದ ಸುತ್ತು (8). ಡೊನೈರ್ ಕಡೆ 7×9 = 63, 5×10 = 50, ಒಟ್ಟು 113. ಇದೇ ರೀತಿ 115-112 ಅಂದರೆ 8 ಸುತ್ತು, 116-111 ಅಂದರೆ 9 ಸುತ್ತು ರಿಗೊಂಡೋ ಪಾಲು.

ಪಟ್ಟಿಯಲ್ಲಿ ಆ ಕೆಡವಿಕೆಯ ಬೆಲೆ ಮಾಮೂಲಿ ಸೋಲಿಗಿಂತ ಒಂದೇ ಒಂದು ಅಂಕ ಹೆಚ್ಚು. ನೋಡಿದವರ ನೆನಪಿನಲ್ಲಿ ಉಳಿಯುವುದು ಮಾತ್ರ ಅದೇ ಕ್ಷಣ. ತೀರ್ಪುಗಾರರು ಸ್ವಚ್ಛ ಹೊಡೆತ, ಫಲ ಕೊಡುವ ಆಕ್ರಮಣ, ರಿಂಗ್ ಮೇಲಿನ ಹಿಡಿತ, ರಕ್ಷಣೆ ಎಂಬ ನಾಲ್ಕು ಅಳತೆಗೋಲು ಇಟ್ಟುಕೊಂಡು ಕೂತಿರುತ್ತಾರೆ. ಸೋಫಾದ ಮೇಲೆ ಕೂತವರ ಬಳಿ ಇರುವುದು ಒಂದೇ ಅಳತೆಗೋಲು, ಏನಾದರೂ ನಡೆಯಿತೇ ಇಲ್ಲವೇ ಎಂಬುದು.

ಕಣ್ಣಿಗೆ ಬೀಳದ ಕೆಲಸ

ರಿಗೊಂಡೋ ಸೌತ್‌ಪಾ, ಅಂದರೆ ಬಲಗೈ, ಬಲಗಾಲು ಮುಂದೆ. ಮುಂಚಾಚಿದ ಬಲಗೈಯಿಂದ ಎದುರಾಳಿಯ ಎಡ ಗ್ಲೌಸ್ ಮುಟ್ಟುತ್ತ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹೊರಡುವ ದಾರಿಯನ್ನೇ ಕಟ್ಟುತ್ತಾರೆ. ಬಲಪಾದವನ್ನು ಎದುರಾಳಿಯ ಎಡಪಾದದ ಹೊರಗೆ ಊರುತ್ತಾರೆ. ಮೈಭಾರ ಹಿಂಗಾಲಿನ ಮೇಲೆ. ಎದುರಾಳಿ ಹೊಡೆದಾಗ ತಲೆ ನಾಲ್ಕು ಬೆರಳಷ್ಟು ಹಿಂದೆ ಸರಿಯುತ್ತದೆ, ಅದೇ ಕ್ಷಣ ಎಡಗೈ ನೇರ ಹೋಗಿ ತಾಗುತ್ತದೆ, ಮರುಕ್ಷಣ ಪಕ್ಕಕ್ಕೆ ಒಂದು ಹೆಜ್ಜೆ. ಎರಡು ಮೂರು ಸಲ ಹೀಗೆ ತಿಂದ ಎದುರಾಳಿ ಹೊಡೆಯುವುದನ್ನೇ ನಿಲ್ಲಿಸುತ್ತಾನೆ.

ಎದುರಾಳಿಯ ಕೈ ಕಟ್ಟಿಹಾಕುವುದು ಈ ವಿದ್ಯೆಯ ತುತ್ತತುದಿ. ಪರದೆಯ ಮೇಲೆ ಕಾಣುವುದು ಮಾತ್ರ ಒಬ್ಬರನ್ನೊಬ್ಬರು ನೋಡುತ್ತ ನಿಂತ ಇಬ್ಬರು. ಇದನ್ನು ನೋಡಲು ಕಲಿಯಬೇಕಾದರೆ ಧ್ವನಿ ನಿಲ್ಲಿಸಿ, ಒಂದು ಸುತ್ತು ಪೂರ್ತಿ ಸೋಲುತ್ತಿರುವವನ ಪಾದಗಳನ್ನು ಮಾತ್ರ ನೋಡಿ. ಎಷ್ಟು ಸಲ ಮುಂದೆ ಹೆಜ್ಜೆ ಇಟ್ಟು, ಕೈ ಎತ್ತಿ, ಹೊಡೆಯದೆ ಹಿಂದೆ ಬಂದ ಎಂದು ಗೆರೆ ಎಳೆಯಿರಿ. ಹೊಡೆದ ಹೊಡೆತಕ್ಕಿಂತ ಬಿಟ್ಟ ಹೊಡೆತ ಹೆಚ್ಚಾಗಿದ್ದರೆ ಆ ಸುತ್ತನ್ನು ಯಾರು ಆಳಿದರು ಎಂಬುದು ಕಾಗದದ ಮೇಲೆ ಕಾಣುತ್ತದೆ.

ಎಡವುವ ಜಾಗ: ತಾರೆಯನ್ನು ಸೋಲಿಸಿದರೆ ಅವನ ಜನ ನಮ್ಮವರಾಗುವುದಿಲ್ಲವೇ?

ಇಡೀ ವಿಷಯದಲ್ಲಿ ತಲೆ ಕೆಡಿಸುವುದು ಈ ಹೆಜ್ಜೆ. ಡೊನೈರ್‌ಗೆ ನೂರು ಅಭಿಮಾನಿಗಳಿದ್ದರೆ, ಅವರನ್ನು ಸೋಲಿಸಿದವರಿಗೆ ಕನಿಷ್ಠ ಐವತ್ತಾದರೂ ಬರಬೇಕಲ್ಲ? ಪಟ್ಟ ಕೈಬದಲಾಗುತ್ತದೆ, ಜನ ಏಕೆ ಆಗುವುದಿಲ್ಲ?

ಮೊದಲ ಕಾರಣ: ಜನ ಅಂಟಿಕೊಂಡಿರುವುದು ಪಟ್ಟಕ್ಕಲ್ಲ. ನಮ್ಮ ದಸರಾ ಕುಸ್ತಿಯನ್ನೇ ನೆನೆಯಿರಿ. ಊರಿನ ಪೈಲ್ವಾನನನ್ನು ಹೊರಗಿನವನೊಬ್ಬ ಚಿತ್ ಮಾಡಿದರೆ ಊರವರು ಮರುದಿನ ಆ ಹೊರಗಿನವನ ಹಿಂದೆ ಹೋಗುವುದಿಲ್ಲ, ಬೇಜಾರಿನಲ್ಲಿ ಮನೆಗೆ ಹೋಗುತ್ತಾರೆ. ಗರಡಿ, ಊರು, ಭಾಷೆ, ಎಷ್ಟೋ ವರ್ಷ ನೋಡಿದ ಬಳಕೆ, ಇವು ಕಟ್ಟಿದ ಅಭಿಮಾನ ಅದು. ಹಾಗಾಗಿ ಸೋಲಿನಿಂದ ತಾರೆಯ ಬೆಲೆ ಇಳಿಯುತ್ತದೆ, ಇಳಿದದ್ದು ಗೆದ್ದವನ ಖಾತೆಗೆ ಜಮೆಯಾಗುವುದಿಲ್ಲ. ಬಹುಪಾಲು ಸುಮ್ಮನೆ ಆವಿಯಾಗುತ್ತದೆ. ಇಬ್ಬರೂ ಒಂದೇ ಪ್ರೊಮೋಟರ್ ಬಳಿ ಇದ್ದಾಗ ನಷ್ಟ ಇನ್ನೂ ಸ್ಪಷ್ಟ: ಮಾರಾಟವಾಗುತ್ತಿದ್ದ ಸರಕು ಕೆಟ್ಟಿತು, ಅದರ ಜಾಗಕ್ಕೆ ಮಾರಾಟವಾಗುವ ಸರಕು ಬರಲಿಲ್ಲ.

ಎರಡನೆಯದು: ರಿಗೊಂಡೋಗೆ ಸ್ವಂತ ಜನರೂ ಇರಲಿಲ್ಲ. ಕ್ಯೂಬಾದಲ್ಲಿ 1962ರಿಂದ ವೃತ್ತಿಪರ ಬಾಕ್ಸಿಂಗ್ ನಿಷೇಧವಾಗಿತ್ತು, ಅದು ಸಡಿಲವಾದದ್ದು 2022ರಲ್ಲಿ. ಅಲ್ಲಿಂದ ತಪ್ಪಿಸಿಕೊಂಡು 2009ರಲ್ಲಿ ಅಮೆರಿಕದಲ್ಲಿ ಶುರುಮಾಡಿದವರಿಗೆ ಊರಿನ ಪುಟ್ಟ ಸಭಾಂಗಣದಲ್ಲಿ ನೂರು, ಇನ್ನೂರು, ಐನೂರು ಟಿಕೆಟ್ ಎಂದು ಜನರನ್ನು ಕೂಡಿಸಿಕೊಳ್ಳುವ ಹಂತವೇ ತಪ್ಪಿಹೋಯಿತು. ಮೆಕ್ಸಿಕೊ ಮೂಲದ ಬಾಕ್ಸರ್‌ಗೆ ಮೇ 5 ಮತ್ತು ಸೆಪ್ಟೆಂಬರ್ 16ರ ಹಬ್ಬದ ವಾರಾಂತ್ಯಗಳಿವೆ. ಪೋರ್ಟೊ ರಿಕೊದವರಿಗೆ ಜೂನ್‌ನಲ್ಲಿ ನ್ಯೂಯಾರ್ಕಿನ ಮೆರವಣಿಗೆಯ ವಾರಾಂತ್ಯವಿದೆ. ರಿಗೊಂಡೋಗೆ ಅಂಥದ್ದೊಂದು ದಿನವಿರಲಿಲ್ಲ.

ಮೂರನೆಯದು, ಇದೇ ಬೀಗದ ಕೈ: ಜನ ದಾಟಿ ಬರುವುದು ತಾರೆಯನ್ನು ಸೋಲಿಸಿದ ಪಂದ್ಯದಲ್ಲಲ್ಲ, ಅದರ ಮುಂದಿನ ಪಂದ್ಯದಲ್ಲಿ. ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಅವರನ್ನು ಪಕ್ಕದಲ್ಲಿಟ್ಟು ನೋಡಿ. ಅವರದೂ ರಕ್ಷಣೆಯ ಆಟವೇ, ಭುಜ ತಿರುಗಿಸಿ ಹೊಡೆತ ಜಾರಿಸುವುದೇ ಅವರ ಗುರುತು. 2006ರಲ್ಲಿ 7.5 ಲಕ್ಷ ಡಾಲರ್ ಕೊಟ್ಟು ಟಾಪ್ ರ‍್ಯಾಂಕ್ ಒಪ್ಪಂದದಿಂದ ಬಿಡಿಸಿಕೊಂಡರು. 2007ರ ಮೇ 5ರಂದು ಆಸ್ಕರ್ ಡಿ ಲಾ ಹೋಯಾ ವಿರುದ್ಧದ ಪಂದ್ಯವನ್ನು ಸುಮಾರು 24 ಲಕ್ಷ ಮನೆಗಳು ದುಡ್ಡು ಕೊಟ್ಟು ನೋಡಿದವು. ಮೇವೆದರ್ ಗೆದ್ದದ್ದು ಒಡೆದ ತೀರ್ಪಿನಲ್ಲಿ (ಮೂವರು ತೀರ್ಪುಗಾರರಲ್ಲಿ ಇಬ್ಬರು ಮಾತ್ರ ಅವರ ಪರ), ಡಿ ಲಾ ಹೋಯಾ ಅಭಿಮಾನಿಗಳು ಅವರ ಪಕ್ಷಕ್ಕೇನೂ ಬರಲಿಲ್ಲ. ಆದರೆ ಅದೇ ಡಿಸೆಂಬರ್ 8ಕ್ಕೆ ಎದುರಾಳಿ ರಿಕಿ ಹ್ಯಾಟನ್. ಅವರ ಹಿಂದೆ ಇಂಗ್ಲೆಂಡಿನಿಂದ ಸಾವಿರಾರು ಜನ ಹಾಡುತ್ತ ಲಾಸ್ ವೇಗಸ್‌ಗೆ ಬಂದರು. ಎರಡು ಪಂದ್ಯದಲ್ಲೂ ಜನರನ್ನು ತಂದದ್ದು ಎದುರಾಳಿ, ಎರಡರಲ್ಲೂ ಕೊನೆಗೆ ನಿಂತದ್ದು ಒಂದೇ ಮುಖ. "ಇವನು ಸೋಲುವುದನ್ನು ನೋಡಬೇಕು" ಎಂದು ದುಡ್ಡು ಕೊಡುವವರೂ ಗಿರಾಕಿಗಳೇ. ಹೊಡೆತ ಜಾರಿಸುವ ಆಟ ಬದಲಾಗಲಿಲ್ಲ, "ಪ್ರೆಟಿ ಬಾಯ್" ಹೋಗಿ "ಮನಿ" ಎಂಬ ಅಡ್ಡಹೆಸರು ಬಂತು. 2015ರ ಮೇ 2ರಂದು ಫಿಲಿಪ್ಪೀನ್ಸ್‌ನ ತಾರೆ ಮ್ಯಾನಿ ಪಕಿಯಾವೊ ವಿರುದ್ಧ ಅಮೆರಿಕದಲ್ಲಿ 46 ಲಕ್ಷ ಮನೆಗಳ ದಾಖಲೆಯಾಯಿತು.

ರಿಗೊಂಡೋಗೆ ಸಿಗದೆ ಹೋದದ್ದು ಹ್ಯಾಟನ್‌ರಂಥ ಆ ಎರಡನೇ ಎದುರಾಳಿ. ಏಕೆ ಸಿಗಲಿಲ್ಲ ಅನ್ನುವುದಕ್ಕೆ ಮುಂದಿನ ಲೆಕ್ಕ.

ತಪ್ಪಿಸಿಕೊಳ್ಳುವವನ ಲೆಕ್ಕ

ಇಲ್ಲಿನ ಅಂಕಿಗಳು ಅಭ್ಯಾಸಕ್ಕೆ ಹಾಕಿಕೊಂಡವು. ಜನಪ್ರಿಯ ಬಾಕ್ಸರ್ ಒಬ್ಬನ ಮುಂದೆ ಎರಡು ದಾರಿ.

ಸುಲಭದ ಎದುರಾಳಿ: ಇಂದಿನ ಸಂಭಾವನೆ 10 ಲಕ್ಷ ಡಾಲರ್, ಗೆಲ್ಲುವ ಸಾಧ್ಯತೆ 90%.
ರಿಗೊಂಡೋರಂಥ ಎದುರಾಳಿ: ಸಂಭಾವನೆ 10.5 ಲಕ್ಷ, ಗೆಲ್ಲುವ ಸಾಧ್ಯತೆ 40%.
ಗೆದ್ದರೆ ಮುಂದಿನ ಪಂದ್ಯಕ್ಕೆ 15 ಲಕ್ಷ, ಸೋತರೆ 4 ಲಕ್ಷ.

ಸುಲಭದ ದಾರಿ: 10 + (0.9×15) + (0.1×4) = 23.9 ಲಕ್ಷ.
ಕಷ್ಟದ ದಾರಿ: 10.5 + (0.4×15) + (0.6×4) = 18.9 ಲಕ್ಷ.

ವ್ಯತ್ಯಾಸ 5 ಲಕ್ಷ. ಆ 5 ಲಕ್ಷವನ್ನು ಯಾರಾದರೂ ಮೇಲಿಂದ ತುಂಬಿಕೊಟ್ಟರೆ ಮಾತ್ರ ಪಂದ್ಯ ಆಗುತ್ತದೆ. ಸಾಮಾನ್ಯವಾಗಿ ತುಂಬುವುದು ಎದುರಾಳಿಯ ಜನ: ಅವನು ತರುವ ಟಿಕೆಟ್, ಅವನು ತರುವ ಟಿ.ವಿ. ವೀಕ್ಷಕರು. ಜನವಿಲ್ಲದ ಕೌಶಲಿಗನ ಬಳಿ ತುಂಬಲು ಏನೂ ಇಲ್ಲ. ಆದ್ದರಿಂದ ಪಂದ್ಯವಿಲ್ಲ, ಪಂದ್ಯವಿಲ್ಲದ್ದರಿಂದ ಜನವಿಲ್ಲ. ಎಲ್ಲರೂ ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ತಪ್ಪಿಸಿಕೊಂಡವನನ್ನು ಹೇಡಿ ಎಂದು ಬರೆದುಬಿಡುವುದು. ಹೊಡೆತ ತಿಂದು ಬದುಕುವ ಮನುಷ್ಯ ಐದು ಲಕ್ಷ ಕಳೆದುಕೊಳ್ಳಲು ಒಪ್ಪದಿದ್ದರೆ ಅದು ಹೇಡಿತನವಲ್ಲ.

ಪೇ-ಪರ್-ವ್ಯೂ (ಒಂದೊಂದು ಪಂದ್ಯಕ್ಕೂ ಬೇರೆ ದುಡ್ಡು ಕೊಟ್ಟು ಟಿ.ವಿ.ಯಲ್ಲಿ ನೋಡುವ ಪದ್ಧತಿ) ಕೈಕೊಡುವುದು ಹೇಗೆ ಅನ್ನುವುದನ್ನೂ ಇಲ್ಲೇ ಸೇರಿಸಿಕೊಳ್ಳಿ. 60 ಡಾಲರ್ ಬೆಲೆಗೆ 50,000 ಮನೆ ಕೊಂಡರೆ 30 ಲಕ್ಷ ಡಾಲರ್. ಅದರಲ್ಲಿ ಸುಮಾರು ಅರ್ಧ ಕೇಬಲ್, ಉಪಗ್ರಹ ಕಂಪನಿಗಳಿಗೇ ಹೋಗುತ್ತದೆ ಎಂದು ಹಿಡಿಯಿರಿ. ಉಳಿದ 15 ಲಕ್ಷದಲ್ಲಿ ಇಬ್ಬರು ಮುಖ್ಯ ಬಾಕ್ಸರ್‌ಗಳಿಗೆ ಖಾತರಿ ಕೊಟ್ಟ ಹಣ 20 ಲಕ್ಷವಿದ್ದರೆ ಟಿಕೆಟ್ ಹಣ ಎಣಿಸುವ ಮೊದಲೇ 5 ಲಕ್ಷ ನಷ್ಟ. 2016ರ ಜುಲೈನಲ್ಲಿ ಟೆರೆನ್ಸ್ ಕ್ರಾಫರ್ಡ್ ಮತ್ತು ವಿಕ್ಟರ್ ಪೊಸ್ತೊಲ್ ಪಂದ್ಯಕ್ಕೆ ಸಿಕ್ಕಿದ್ದು ಐವತ್ತು, ಅರವತ್ತು ಸಾವಿರದ ಆಸುಪಾಸಿನ ಮನೆಗಳು ಎಂದು ಆಗ ವರದಿಯಾಗಿತ್ತು.

ಕ್ರಾಫರ್ಡ್: ಊರಿದ್ದೂ ತಡವಾದವರು

ಇವರ ಕಥೆ ಬೇರೆ ಬಗೆ. ನೆಬ್ರಾಸ್ಕಾದ ಒಮಾಹಾ ಇವರ ಊರು. 2014ರ ಜೂನ್‌ನಲ್ಲಿ ಅಲ್ಲಿ ಗಂಬೋವಾ ವಿರುದ್ಧ ಆಡಿದಾಗ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. 2017ರಲ್ಲಿ 140 ಪೌಂಡ್‌ನ ನಾಲ್ಕೂ ಪಟ್ಟ ಅವರದಾಯಿತು. 2018ರಲ್ಲಿ 147ಕ್ಕೆ ಬಂದರು. ಇಲ್ಲಿ ತಡೆ ಗೋಡೆಯಂತಿತ್ತು: ಆ ತೂಕದ ಹೆಸರಾಂತರಾದ ಸ್ಪೆನ್ಸ್, ಪೋರ್ಟರ್, ಥರ್ಮನ್, ಡ್ಯಾನಿ ಗಾರ್ಸಿಯಾ ಎಲ್ಲರೂ ಬೇರೆ ಪ್ರೊಮೋಟರ್ ಪಾಳೆಯದಲ್ಲಿ, ಬೇರೆ ಟಿ.ವಿ. ಒಪ್ಪಂದದಲ್ಲಿ. ಶಾನ್ ಪೋರ್ಟರ್ ಪಂದ್ಯ 2021ರ ನವೆಂಬರ್‌ನಲ್ಲಿ ಆದದ್ದು ಪಟ್ಟ ಕೊಡುವ ಸಂಸ್ಥೆ ಕಡ್ಡಾಯ ಮಾಡಿದ ಮೇಲೆ. ಎರಲ್ ಸ್ಪೆನ್ಸ್ ಎದುರಾದದ್ದು 2023ರ ಜುಲೈ 29ಕ್ಕೆ. ಒಂಬತ್ತನೇ ಸುತ್ತಿಗೇ ಮುಗಿಸಿದರು. ಅಷ್ಟು ನಿಚ್ಚಳ ಪ್ರತಿಭೆ ಬಾಗಿಲ ಮುಂದೆ ಐದು ವರ್ಷ ನಿಂತಿದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಿಕ್ಕ ಕಾರಣಗಳು, ಬೇಗ ಬೇಗ

ಪಟ್ಟ ಕೊಡುವ ಸಂಸ್ಥೆ ನಾಲ್ಕು, ತೂಕದ ವರ್ಗ 17, ಅಂದರೆ ಒಂದೇ ವೇಳೆ 68 "ವಿಶ್ವ ಚಾಂಪಿಯನ್"ಗಳಿರಬಹುದು. ಪಟ್ಟದ ಹೆಸರಿಗೆ ತೂಕವಿಲ್ಲ. ಸಂದರ್ಶನಕ್ಕೆ ದುಭಾಷಿ ಬೇಕಾದರೆ ಮಾತಿನ ಮಿಂಚು ಅರ್ಧ ಸೋರುತ್ತದೆ. ಚಿಕ್ಕ ತೂಕ ಅಮೆರಿಕದಲ್ಲಿ ಅಡ್ಡಿ, ಜಪಾನಿನಲ್ಲಿ ಅಲ್ಲ: 122 ಪೌಂಡ್‌ನ ನಾವೊಯಾ ಇನೋವೆ 2024ರ ಮೇ 6ರಂದು ಟೋಕಿಯೊ ಡೋಮ್ ತುಂಬಿಸಿದರು. ರಿಗೊಂಡೋರದೂ ಅದೇ ತೂಕ ಎಂಬುದನ್ನು ಬರೆದಿಟ್ಟುಕೊಳ್ಳಿ.

ನಮ್ಮ ದೇಶದಲ್ಲಿ ಅಳತೆಗೋಲು ಒಲಿಂಪಿಕ್ ಪದಕ. ಮೇರಿ ಕೋಮ್ 2002ರಿಂದ 2010ರೊಳಗೆ ಐದು ವಿಶ್ವ ಪಟ್ಟ ಗೆದ್ದಿದ್ದರು. ಪ್ರಶಸ್ತಿಗಳೂ ಬಂದಿದ್ದವು. ಮನೆಮಾತಾದದ್ದು 2012ರ ಲಂಡನ್ ಕಂಚಿನಿಂದ. ಮಹಿಳೆಯರಿಗೆ ಅಲ್ಲಿ ಇದ್ದದ್ದು 51, 60, 75 ಕೆ.ಜಿ. ಎಂಬ ಮೂರೇ ವರ್ಗ. ತಮ್ಮದಲ್ಲದ 51ಕ್ಕೆ ಏರಿ ಆಡಿದರು.

ಲೆಕ್ಕವನ್ನು ತುಂಬಿಕೊಡುವ ಮೂರನೆಯವರು

ಈಚೆಗೆ ಸೌದಿ ಅರೇಬಿಯಾದ ಹಣ ಬಂದ ಮೇಲೆ ಮೇಲಿನ ಸಮೀಕರಣಕ್ಕೆ ಹೊಸ ಪದವೊಂದು ಸೇರಿದೆ. ಕೊಡುವವರು ಟಿಕೆಟ್ ಮಾರಾಟ ನೋಡಿ ಕೊಡುವುದಿಲ್ಲ, ಆದ್ದರಿಂದ ಆ 5 ಲಕ್ಷದ ಹಳ್ಳವನ್ನು ಹೊರಗಿನವರೇ ತುಂಬುತ್ತಾರೆ. ರಷ್ಯಾದ ದ್ಮಿತ್ರಿ ಬಿವೊಲ್ 2022ರ ಮೇನಲ್ಲಿ ಮೆಕ್ಸಿಕೊದ ತಾರೆ ಕನೆಲೊ ಅಲ್ವಾರೆಜ್ ಅವರನ್ನು ಮೂರೂ ಪಟ್ಟಿಯಲ್ಲಿ 115-113ರಿಂದ ಸೋಲಿಸಿದರು, ಮರುಪಂದ್ಯ ಸಿಗಲಿಲ್ಲ. ಆದರೆ ಅದೇ ತೂಕದ ಇನ್ನೊಬ್ಬ ಚಾಂಪಿಯನ್ ಬೆತೆರ್ಬಿಯೆವ್ ಜೊತೆಗಿನ ಬಿವೊಲ್‌ರ ಎರಡು ಪಂದ್ಯಗಳು ನಡೆದದ್ದು ಸೌದಿ ರಾಜಧಾನಿ ರಿಯಾದ್‌ನಲ್ಲಿ, 2024ರ ಅಕ್ಟೋಬರ್ ಮತ್ತು 2025ರ ಫೆಬ್ರವರಿಯಲ್ಲಿ.

ಅಭ್ಯಾಸಕ್ಕೆ ಎರಡು ರಾತ್ರಿಗಳನ್ನು ಅಕ್ಕಪಕ್ಕ ಇಟ್ಟು, ಮೇಲಿನ ಲೆಕ್ಕವನ್ನು ನೀವೇ ಹಾಕಿ ನೋಡಿ. 2017ರ ಡಿಸೆಂಬರ್ 9: ರಿಗೊಂಡೋಗೆ 37 ವರ್ಷ. ದೊಡ್ಡ ಹೆಸರಿನ ಎದುರಾಳಿಗಾಗಿ ಎರಡು ತೂಕ ಮೇಲೇರಿ 130 ಪೌಂಡ್‌ನಲ್ಲಿ ಉಕ್ರೇನಿನ ಲೊಮಚೆಂಕೊ ಎದುರು ನಿಂತರು. ಕೈ ನೋವೆಂದು ಆರು ಸುತ್ತಿನ ನಂತರ ಸ್ಟೂಲ್‌ನಿಂದ ಏಳಲಿಲ್ಲ. 2025ರ ಸೆಪ್ಟೆಂಬರ್ 13: ಕ್ರಾಫರ್ಡ್‌ಗೂ 37. ಅವರೂ 154ರಿಂದ ಎರಡು ತೂಕ ಮೇಲೇರಿ 168ರಲ್ಲಿ ಕನೆಲೊ ಎದುರು ನಿಂತರು, ನೆಟ್‌ಫ್ಲಿಕ್ಸ್ ಇದ್ದ ಮನೆಗಳಿಗೆಲ್ಲ ಬೇರೆ ಶುಲ್ಕವಿಲ್ಲದೆ ತಲುಪಿದ ಪಂದ್ಯದಲ್ಲಿ. ಗೆದ್ದದ್ದು ಕ್ರಾಫರ್ಡ್: 116-112, 115-113, 115-113.