ಸಿಲ್ವರ್ ವ್ಯಾಲಿ: ಸೀಸದ ಮಣ್ಣಿನ ಮೇಲೊಂದು ಬದುಕು

ಅಮೆರಿಕದ ಐಡಹೊ ರಾಜ್ಯದ ಸಿಲ್ವರ್ ವ್ಯಾಲಿಯಲ್ಲಿ ಸೀಸದ ಮಾಲಿನ್ಯ ತೊಡೆಯುವ ಕೆಲಸ ಶುರುವಾಗಿ ದಶಕಗಳೇ ಕಳೆದರೂ, ಅದು ಮುಗಿಯಿತೇ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. 1880ರ ದಶಕದಲ್ಲಿ ಇಲ್ಲಿ ಬೆಳ್ಳಿ, ಸೀಸ, ಸತುವಿನ ಅದಿರು ದೊರೆಯಿತು. ಅದಿರು ಅರೆದುಳಿದ ಕೆಸರು 1960ರ ದಶಕದ ಕೊನೆಯವರೆಗೂ ಕೋರ್ ಡಲೇನ್ ನದಿಗೆ ಸೇರುತ್ತಲೇ ಇತ್ತು.

ಸಂಕಟ ಬಯಲಿಗೆ ಬಂದದ್ದು 1973ರ ಬಳಿಕ. ಆ ವರ್ಷ ಕೆಲಾಗ್ ಪಟ್ಟಣದ ಬಂಕರ್ ಹಿಲ್ ಕುಲುಮೆಯಲ್ಲಿ ಹೊಗೆಯ ಧೂಳನ್ನು ಸೋಸುತ್ತಿದ್ದ ಘಟಕಕ್ಕೆ ಬೆಂಕಿ ಬಿತ್ತು. ಅದು ಪೂರ್ತಿ ದುರಸ್ತಿಯಾಗುವ ಮೊದಲೇ ಸೀಸ ಕರಗಿಸುವ ಕೆಲಸ ಮುಂದುವರಿಯಿತು. 1974ರಲ್ಲಿ ಪರೀಕ್ಷಿಸಿದಾಗ, ಕುಲುಮೆಯಿಂದ ಒಂದು ಮೈಲಿಯೊಳಗಿನ ಹೆಚ್ಚುಕಡಿಮೆ ಎಲ್ಲ ಮಕ್ಕಳ ರಕ್ತದಲ್ಲೂ ಪ್ರತಿ ಡೆಸಿಲೀಟರಿಗೆ 40 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸ ಕಂಡುಬಂತು. ಇಂದು ಆ ದೇಶದಲ್ಲಿ 3.5 ಮುಟ್ಟಿದರೇ ಮಗುವಿನ ಮೇಲೆ ನಿಗಾ ಇಡಬೇಕೆನ್ನುತ್ತಾರೆ. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿಯನ್ನು ಆಮೇಲೆ ಔಷಧದಿಂದ ಸರಿಪಡಿಸಲಾಗದು ಎಂಬುದನ್ನು ನೆನೆದರೆ ದುರಸ್ತಿಯಲ್ಲಾದ ಆ ವಿಳಂಬದ ಬೆಲೆ ಎಷ್ಟೆಂದು ತಿಳಿಯುತ್ತದೆ.

1980ರ ದಶಕದ ಆರಂಭದಲ್ಲಿ ಕುಲುಮೆ ಮುಚ್ಚಿತು, 1983ರಲ್ಲಿ ಈ ಪ್ರದೇಶ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ತೀವ್ರವಾಗಿ ಮಲಿನಗೊಂಡು ಶುದ್ಧಗೊಳಿಸಬೇಕಾದ ಜಾಗಗಳ ಅಮೆರಿಕ ಸರ್ಕಾರದ ಪಟ್ಟಿಗೆ ಸೇರಿತು. ಸಾವಿರಾರು ಮನೆಗಳ ಅಂಗಳದಲ್ಲಿ ಸಾಮಾನ್ಯವಾಗಿ ಒಂದು ಅಡಿ ಆಳದ ಮಣ್ಣು ತೆಗೆದು ಶುದ್ಧ ಮಣ್ಣು ತುಂಬಿದರು. ಕೆಳಗೆ ಸೀಸ ಉಳಿದಿರುವಲ್ಲಿ, ಮುಂದೆ ಅಗೆಯುವವರಿಗೆ ಗುರುತಾಗಲೆಂದು ತಡೆಹಾಳೆಯೊಂದನ್ನು ಹಾಸಿದರು. ಅಂದರೆ ವಿಷದ ಬಹುಪಾಲು ಕಣಿವೆ ಬಿಟ್ಟು ಹೋಗಿಲ್ಲ, ಅದರ ಮೇಲೆ ಹೊದಿಕೆಯಷ್ಟೇ ಬಂದಿದೆ. ಮಲಿನಗೊಂಡಿದ್ದ ಹಳೆಯ ರೈಲುಹಾದಿಗೂ ಡಾಂಬರು ಹೊದಿಸಿ, 110 ಕಿಲೋಮೀಟರಿಗೂ ಉದ್ದದ ಸೈಕಲ್ ದಾರಿ ಮಾಡಿದ್ದಾರೆ. ದಾರಿ ಬಿಟ್ಟು ಇಳಿಯಬೇಡಿ, ತಿನ್ನುವ ಮುನ್ನ ಕೈ ತೊಳೆಯಿರಿ ಎಂಬುದು ಅಲ್ಲಿ ಸವಾರರಿಗೆ ಕೊಡುವ ಸೂಚನೆ.

ಹೊದಿಕೆ ಹರಿಯದಂತೆ ಕಾಯುವ ಕೆಲಸ ಈಗ ನಿತ್ಯದ್ದು. ದೊಡ್ಡ ಪ್ರಮಾಣದಲ್ಲಿ ಮಣ್ಣು ಅಗೆಯಲು ಸ್ಥಳೀಯ ಆರೋಗ್ಯ ಸಂಸ್ಥೆಯ ಪರವಾನಗಿ ಬೇಕು. ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವುದು, ನೆಲವನ್ನು ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ಮಕ್ಕಳಿಗೆ ಕಬ್ಬಿಣ ಮತ್ತು ಸುಣ್ಣದ ಅಂಶವಿರುವ ಊಟ ಕೊಡುವುದು ಇವೆಲ್ಲ ಫಲ ಕೊಡುವ ಕ್ರಮಗಳೇ. ಆದರೆ ನೂರು ವರ್ಷಗಳ ಗಣಿಗಾರಿಕೆಯ ಭಾರ ಕೊನೆಗೆ ಬಂದು ನಿಂತದ್ದು ಹೆತ್ತವರ ಎಚ್ಚರದ ಮೇಲೆ. ಮಕ್ಕಳ ರಕ್ತದಲ್ಲಿನ ಸೀಸ ಗಣನೀಯವಾಗಿ ಇಳಿದಿದೆ, ನಿಜ. ಆದರೆ ನದಿಯ ತಳದ ಹೂಳು ಪ್ರವಾಹ ಬಂದಾಗಲೆಲ್ಲ ಮತ್ತೆ ದಡಕ್ಕೆ ಹರಡುತ್ತದೆ, ಅದನ್ನು ಮೇವಿನೊಂದಿಗೆ ನುಂಗುವ ಹಂಸಗಳು ಇಂದಿಗೂ ಸಾಯುತ್ತಿವೆ. ಹೀಗಿರುವಾಗ ರಕ್ತಪರೀಕ್ಷೆಗೂ ಹೊದಿಕೆಯ ಉಸ್ತುವಾರಿಗೂ ಬೇಕಾದ ಹಣ ಯಾವ ವರ್ಷವೂ ನಿಲ್ಲುವಂತಿಲ್ಲ.