ಓವನ್ ಬಾಗಿಲು ಓರೆಯಾದರೆ ಮೊದಲು ನೆಲ ನೋಡಿ

ಸಾವಿರಾರು ಡಾಲರ್ ಕೊಟ್ಟು ತಂದ ರೇಂಜ್. ಮೇಲೆ ಆರು ಬರ್ನರ್, ಕೆಳಗೆ ದೊಡ್ಡ ಓವನ್, ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲ್. ಜೋಡಿಸಿ ಕೆಲವು ದಿನ ಆದ ಮೇಲೆ ಕಣ್ಣಿಗೆ ಬೀಳುತ್ತದೆ: ಓವನ್ ಬಾಗಿಲು ಓರೆ. ಎಡಗಡೆ ಸಂದು 3 ಮಿ.ಮೀ., ಬಲಗಡೆ 6. ಅಮೆರಿಕದಲ್ಲಿ ಮನೆ ಮಾಡಿರುವ ನಮ್ಮವರಿಂದ ಈ ದೂರು ಕೇಳಿದ್ದೇನೆ. ಎಲ್ಲರೂ ಬೈಯುವುದು ಹಿಂಜನ್ನು. ಕೆಲವರು ಇಕ್ಕಳ ಹಿಡಿದು ಹಿಂಜನ್ನೇ ಬಗ್ಗಿಸಲು ಹೋಗುತ್ತಾರೆ. ದಯವಿಟ್ಟು ಬೇಡ. ಹಿಂಜ್ ಸರಿಯಾಗಿದ್ದೂ ಬಾಗಿಲು ಓರೆಯಾಗಬಹುದು. ಕಾರಣ ರೇಂಜಿನ ಕಾಲ ಕೆಳಗೆ ಇರುತ್ತದೆ.

ಇದನ್ನು ನಂಬಲು ಒಂದು ಶೂ ಡಬ್ಬ ಸಾಕು. ಮುಚ್ಚಳವನ್ನು ನಾಲ್ಕೂ ಕಡೆ ಟೇಪ್ ಹಾಕಿ ಬಿಗಿ ಮಾಡಿ, ಡಬ್ಬದ ಎರಡು ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ. ಹೆಚ್ಚೇನೂ ಜಗ್ಗುವುದಿಲ್ಲ. ಈಗ ಮುಚ್ಚಳ ತೆಗೆದು ಅದೇ ಬಲ ಹಾಕಿ. ಡಬ್ಬ ಸಲೀಸಾಗಿ ತಿರುಚಿಕೊಳ್ಳುತ್ತದೆ, ಬಾಯಿ ಓರೆಯಾಗುತ್ತದೆ. ಆ ಸ್ಥಿತಿಯಲ್ಲಿ ಮುಚ್ಚಳ ಇಟ್ಟು ನೋಡಿ, ಕೂರುವುದಿಲ್ಲ. ಮುಚ್ಚಳ ಮಾತ್ರ ಮೊದಲಿನಷ್ಟೇ ಚೌಕ.

ಆರು ಗೋಡೆಯ ಪೆಟ್ಟಿಗೆಯಲ್ಲಿ ತಿರುಚುವ ಬಲ ಒಂದು ಗೋಡೆಯಿಂದ ಪಕ್ಕದ ಗೋಡೆಗೆ ದಾಟುತ್ತಾ ಸುತ್ತು ಹೊಡೆಯುತ್ತದೆ. ಪ್ರತಿ ಗೋಡೆಯೂ ತನ್ನ ಪಾಲು ಹೊರುತ್ತದೆ. ಒಂದು ಗೋಡೆ ಇಲ್ಲದಿದ್ದರೆ ಆ ಸುತ್ತು ತುಂಡಾಗುತ್ತದೆ. ಆಗ ತಡೆಯುವ ಶಕ್ತಿ ಸ್ವಲ್ಪ ಕಡಿಮೆಯಾಗುವುದಲ್ಲ, ಹಲವು ಪಟ್ಟು ಬಿದ್ದುಹೋಗುತ್ತದೆ. ತೆಳು ತಗಡಿನ ರಚನೆಗಳ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ವಿಮಾನದ ಮೈಯಲ್ಲಿ ಬಾಗಿಲಿಗೆಂದು ದೊಡ್ಡ ಕಿಂಡಿ ಕೊರೆದಾಗ ಅದರ ಸುತ್ತ ದಪ್ಪ ಚೌಕಟ್ಟು ಕೊಡುವುದೂ ಇದಕ್ಕೇ. ಓವನ್ ಕೂಡ ಮುಂದಿನ ಗೋಡೆ ಇಲ್ಲದ ಪೆಟ್ಟಿಗೆ. ಬಾಗಿಲು ಬರೀ ಕೆಳಗಿನ ಎರಡು ಹಿಂಜಿನ ಮೇಲೆ ನಿಂತಿರುವುದರಿಂದ ಅದು ಗೋಡೆಯ ಕೆಲಸ ಮಾಡುವುದಿಲ್ಲ.

ಇನ್ನು ಕಾಲುಗಳು. ಮೂರು ಬಿಂದು ಇದ್ದರೆ ಒಂದು ಸಮತಲ ನಿಶ್ಚಯವಾಗುತ್ತದೆ. ನಾಲ್ಕನೆಯದು ಯಾವಾಗಲೂ ತಕರಾರು. ಗಟ್ಟಿಮುಟ್ಟಾದ ಹಗುರ ವಸ್ತುವಾದರೆ ನಾಲ್ಕನೆಯ ಕಾಲು ಗಾಳಿಯಲ್ಲಿ ನಿಂತು ಕುಲುಕುತ್ತದೆ, ನಮಗೂ ಗೊತ್ತಾಗುತ್ತದೆ. ಭಾರವಾದ ರೇಂಜ್ ಹಾಗೆ ಕುಲುಕುವುದಿಲ್ಲ. ತನ್ನ ತೂಕಕ್ಕೇ ತಿರುಚಿಕೊಂಡು ನಾಲ್ಕೂ ಕಾಲು ನೆಲಕ್ಕೆ ಊರಿಬಿಡುತ್ತದೆ. ನೋಡಿದವರಿಗೆ ಭದ್ರವಾಗಿ ನಿಂತ ಹಾಗೇ ಕಾಣುತ್ತದೆ. ಅಮೆರಿಕದ ಬಹಳಷ್ಟು ಮನೆಗಳಲ್ಲಿ ನೆಲವನ್ನು ಹೊತ್ತಿರುವುದು ಮರದ ತೊಲೆಗಳು. ಅವು ವರ್ಷಗಳಲ್ಲಿ ಸ್ವಲ್ಪ ಬಾಗುತ್ತವೆ. ಕೆಲವೊಮ್ಮೆ ಹೊಸ ಟೈಲ್ಸನ್ನು ರೇಂಜಿನ ಮುಂಗಾಲಿನವರೆಗೆ ಮಾತ್ರ ಹಾಸಿ ಬಿಟ್ಟಿರುತ್ತಾರೆ. ಮುಂದೊಂದು ಎತ್ತರ, ಹಿಂದೊಂದು ಎತ್ತರ.

ಪರೀಕ್ಷೆ ಸುಲಭ. ಅಳತೆ ಟೇಪ್ ಹಿಡಿದು ಬಾಗಿಲ ಕಿಂಡಿಯನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಕಿಂಡಿ ಚೌಕವಾಗಿದ್ದರೆ ಎರಡೂ ಕರ್ಣ ಸಮ. 75 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಕಿಂಡಿಯ ಮೇಲಂಚು ಪಕ್ಕಕ್ಕೆ ಬರೀ 2 ಮಿ.ಮೀ. ಸರಿದರೂ ಕರ್ಣಗಳ ನಡುವೆ ಸುಮಾರು 3.5 ಮಿ.ಮೀ. ವ್ಯತ್ಯಾಸ ಬರುತ್ತದೆ. ಅಂದರೆ ಕರ್ಣ ದೋಷವನ್ನು ದೊಡ್ಡದು ಮಾಡಿ ತೋರಿಸುತ್ತದೆ. ನಮ್ಮೂರ ಬಡಗಿಗಳು ಬಾಗಿಲ ಚೌಕಟ್ಟು ಕೂಡಿಸುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿಯುವುದು ಸುಮ್ನೆ ಅಲ್ಲ.

‘ಬಾಗಿಲು ಚೂರು ಓರೆ ಇದ್ದರೆ ಏನಾಯ್ತು, ಕರೆಂಟ್ ಸ್ವಲ್ಪ ಜಾಸ್ತಿ ಖರ್ಚಾಗುತ್ತೆ ಅಷ್ಟೇ ಅಲ್ವಾ’ ಎನ್ನುವವರಿದ್ದಾರೆ. ಲೆಕ್ಕ ಹಾಕೋಣ. ಒಳಗೆ 200 ಡಿಗ್ರಿ ಸೆಲ್ಸಿಯಸ್, ಹೊರಗೆ 25. ಒಳಗಿನ ಗಾಳಿ ಹಗುರ. 40 ಸೆಂ.ಮೀ. ಎತ್ತರಕ್ಕೆ ಇದರಿಂದ ಹುಟ್ಟುವ ಒತ್ತಡದ ವ್ಯತ್ಯಾಸ 2 ಪ್ಯಾಸ್ಕಲ್ ಕೂಡ ಇಲ್ಲ. ಎರಡು ಹಾಳೆ ಕಾಗದ ಮೇಜಿನ ಮೇಲೆ ಹಾಕುವ ಒತ್ತಡ ಅಷ್ಟು. ಆದರೂ ಬಿಸಿಗಾಳಿ ಮೇಲಿನ ಸಂದಿಯಿಂದ ಸೆಕೆಂಡಿಗೆ ಒಂದು ಮೀಟರ್‌ನ ಆಸುಪಾಸಿನ ವೇಗದಲ್ಲಿ ನುಗ್ಗಲು ಇದೇ ಸಾಕು. 3 ಮಿ.ಮೀ. ಸಂದು ಮೇಲಂಚಿನ ಉದ್ದಕ್ಕೂ ಇದ್ದರೆ ನಷ್ಟ ನೂರಿನ್ನೂರು ವಾಟ್. 3,000 ವಾಟ್‌ನ ಓವನ್‌ಗೆ ಅದು ದೊಡ್ಡದಲ್ಲ. ಬಿಲ್ ಬಗ್ಗೆ ಅವರು ಹೇಳುವುದು ಸರಿ. ಆದರೆ ಆ ಗಾಳಿ ಹೋಗುವುದು ಎಲ್ಲಿಗೆ? ನೇರ ಬಾಗಿಲ ಮೇಲಿರುವ ನಾಬ್‌ಗಳಿಗೆ, ಅವುಗಳ ಹಿಂದಿನ ವೈರ್‌ಗಳಿಗೆ. ಮೇಲಿಂದ ಹೋದಷ್ಟು ಗಾಳಿ ಕೆಳಗಿಂದ ತಣ್ಣಗೆ ಒಳಗೆ ಬರುತ್ತದೆ, ಮುಂದಿನ ಒಂದು ಮೂಲೆ ಬೇಯದೆ ಉಳಿಯುತ್ತದೆ.

ಹಾಗಂತ ಓವನ್ ಪೂರ್ತಿ ಗಾಳಿ ಆಡದಂತೆ ಮುಚ್ಚಿರಬೇಕು ಅನ್ನುವುದೂ ತಪ್ಪು. ಎಷ್ಟೋ ಓವನ್‌ಗಳ ಗ್ಯಾಸ್ಕೆಟ್‌ನಲ್ಲಿ (ಬಾಗಿಲ ಸಂದು ಮುಚ್ಚುವ ಸುತ್ತುಪಟ್ಟಿ) ಕೆಳಗಡೆ ಬೇಕೆಂದೇ ಜಾಗ ಬಿಟ್ಟಿರುತ್ತಾರೆ. ಅದನ್ನು ಹರಿದಿದೆ ಎಂದುಕೊಂಡು ಮುಚ್ಚಬೇಡಿ. ಈ ವಿಚಾರ ಇನ್ನೂರು ವರ್ಷಕ್ಕಿಂತ ಹಳೆಯದು. 1753ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಜರ್ಮನಿಯ ಬವೇರಿಯಾದ ಸೇವೆಗೆ ಸೇರಿ ಕೌಂಟ್ ರಮ್‌ಫೋರ್ಡ್ ಆದ ಬೆಂಜಮಿನ್ ಥಾಮ್ಸನ್‌ನನ್ನು ನಾವು ನೆನೆಯುವುದು ಫಿರಂಗಿ ಕೊರೆಯುವಾಗ ಹುಟ್ಟುವ ಬಿಸಿಯ ಬಗ್ಗೆ ಅವನು 1798ರಲ್ಲಿ ಪ್ರಕಟಿಸಿದ ಬರಹಕ್ಕಾಗಿ. ಆದರೆ ತೆರೆದ ಬೆಂಕಿಯಲ್ಲಿ ಪೋಲಾಗುವ ಶಾಖ ಕಂಡು ಸಿಟ್ಟಾಗಿ ಮುಚ್ಚಿದ ಒಲೆಗಳನ್ನು ಕಟ್ಟಿದವನೂ ಅವನೇ. ಮಾಂಸ ಬೇಯಿಸುವ ಅವನ ರೋಸ್ಟರ್‌ನಲ್ಲಿ ಗಾಳಿ ಒಳಬರಲು ಕೆಳಗೆ ಕೊಳವೆ, ಹಬೆ ಹೋಗಲು ಮೇಲೆ ಕೊಳವೆ. ಎರಡನ್ನೂ ಬೇಕಾದಾಗ ಮುಚ್ಚಬಹುದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ’ ಸೌದೆ ಒಲೆ ಬಳಸಿದವರಿಗೆ ಇದು ಪರಿಚಿತ. ಗಾಳಿಯ ದಾರಿಯನ್ನು ಒಲೆ ಕಟ್ಟುವವರು ನಿರ್ಧರಿಸಬೇಕು. ಓರೆ ಬಾಗಿಲು ಆ ನಿರ್ಧಾರವನ್ನು ಕೆಡಿಸುತ್ತದೆ.

ಸರಿಪಡಿಸುವುದು ಹೀಗೆ. ಓವನ್ ತಣ್ಣಗಿರುವಾಗ ಒಳಗಿನ ಜಾಲರಿಯ ಮೇಲೆ ರಸಮಟ್ಟ ಇಟ್ಟು ಎಡ-ಬಲ, ಹಿಂದೆ-ಮುಂದೆ ನೋಡಿ. ಆಮೇಲೆ ಕಾಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಉಳಿದವಕ್ಕಿಂತ ಸಲೀಸಾಗಿ ತಿರುಗುವ ಕಾಲು ತನ್ನ ಪಾಲಿನ ಭಾರ ಹೊರುತ್ತಿಲ್ಲ. ಅದನ್ನು ಕಾಲು ಸುತ್ತು, ಅರ್ಧ ಸುತ್ತು ನೆಲದ ಕಡೆಗೆ ಇಳಿಸುತ್ತಾ ಕರ್ಣ ಅಳೆಯುತ್ತಾ ಹೋಗಿ. ಹಿಂಗಾಲು ಕೈಗೆ ಸಿಗದಿದ್ದರೆ, ಗ್ಯಾಸ್ ಪೈಪ್ ಇರುವ ರೇಂಜನ್ನು ನೀವೇ ಎಳೆಯಬೇಡಿ, ಕೆಲಸ ಬಲ್ಲವರನ್ನು ಕರೆಯಿರಿ. ಮಗುಚದಂತೆ ಹಿಂದೆ ಹಾಕಿರುವ ಕೊಂಡಿಯಲ್ಲಿ ಕಾಲು ಮತ್ತೆ ಕೂತಿದೆಯಾ ಎಂದು ನೋಡಲೇಬೇಕು.

ಕರ್ಣ ಸಮ ಬಂದೂ ಬಾಗಿಲು ಓರೆ ಇದ್ದರೆ ಆಗ ಹಿಂಜಿನ ಸರದಿ. ತೊಳೆಯಲೆಂದು ಬಾಗಿಲು ತೆಗೆದು ಹಾಕಿದಾಗ ಒಂದು ಕಡೆಯ ಕೊಕ್ಕೆ ತನ್ನ ತೋಡಿನಲ್ಲಿ ಕೂರದೇ ಇರುವುದು ಸಾಮಾನ್ಯ. ಬಾಗಿಲು ಬಿಚ್ಚುವ ಮುಂಚೆ ಎರಡೂ ಹಿಂಜಿನ ಲಾಕ್ ಹಾಕಿ. ಲಾಕ್ ಇಲ್ಲದೆ ಬಿಚ್ಚಿದರೆ ಸ್ಪ್ರಿಂಗ್ ಹಿಂಜನ್ನು ರಪ್ಪನೆ ಮಡಚುತ್ತದೆ, ನಡುವೆ ಬೆರಳಿದ್ದರೆ ಮುರಿಯಬಹುದು.

ಎಲ್ಲ ಮುಗಿದ ಮೇಲೆ ಓವನ್ ಅನ್ನು ಅರ್ಧ ಗಂಟೆ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಮತ್ತೊಮ್ಮೆ ಸಂದು ನೋಡಿ. ಬಾಗಿಲ ಒಳಮೈ ಉಕ್ಕು 75 ಸೆಂ.ಮೀ.ಗೆ ಸುಮಾರು ಒಂದೂವರೆ ಮಿ.ಮೀ. ಹಿಗ್ಗುತ್ತದೆ, ತಣ್ಣಗಿರುವ ಹೊರಮೈ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಬಿಸಿಯಾದಾಗ ಎರಡೂ ಕಡೆ ಸಮನಾಗಿ ಒಂದಿಷ್ಟು ಬದಲಾದರೆ ಚಿಂತೆಯಿಲ್ಲ. ಒಂದೇ ಕಡೆ ಅಗಲವಾದರೆ ಮತ್ತೆ ಕಾಲುಗಳ ಹತ್ತಿರ ಹೋಗಿ.