ಸೈಟು ಮೊದಲು, ನಕ್ಷೆ ಆಮೇಲೆ: ಒಮಾನ್ ನೆರೆಯ ಹಿನ್ನೆಲೆ

2024ರ ಏಪ್ರಿಲ್ 14ರಂದು ಒಮಾನಿನ ಸಮದ್ ಅಲ್ ಶಾನ್‌ನಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳ ವಾಹನ ವಾಡಿಯ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣ ಕಣಿವೆಯ, ನೀರಿಗೆ ಸಿಕ್ಕಿ ಕೊಚ್ಚಿಹೋಯಿತು. ಆ ವಾರದ ಮಳೆಗೆ ದೇಶದಲ್ಲಿ ಸತ್ತವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಮಕ್ಕಳೇ. ಎರಡು ದಿನ ಕಳೆದು ದುಬೈ ವಿಮಾನ ನಿಲ್ದಾಣ ಮುಳುಗಿದ ವಿಡಿಯೊಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿದವು, ಒಮಾನಿನ ಸುದ್ದಿ ಅದರಡಿ ಹೂತುಹೋಯಿತು. ಮರಳುಗಾಡಿಗೆ ನೆರೆ ಬಂತೆಂದು ಇಲ್ಲಿ ಬೆರಗಾದವರೇ ಹೆಚ್ಚು. ಒಮಾನಿನವರಿಗೆ ಅದರಲ್ಲಿ ಬೆರಗೇನೂ ಇಲ್ಲ. ಎಲ್ಲಿ ನೀರು ನುಗ್ಗುತ್ತದೆ ಎಂಬುದರ ಲೆಕ್ಕಾಚಾರ ಅಲ್ಲಿ ಹತ್ತಾರು ವರ್ಷಗಳಿಂದ ನಡೆದೇ ಇದೆ.

ಮಸ್ಕತ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ. ಮಂಗಳೂರಿನಲ್ಲಾದರೆ ಜುಲೈಯ ಒಂದು ದಿನಕ್ಕೇ ಅಷ್ಟು ಬೀಳುವುದುಂಟು. ಆದರೆ ಒಮಾನಿನ ಕರಾವಳಿಯ ಬೆನ್ನಿಗೇ ಹಜರ್ ಪರ್ವತಗಳಿವೆ. ಜೆಬೆಲ್ ಶಮ್ಸ್ ಶಿಖರ ಸುಮಾರು 3,000 ಮೀಟರ್ ಎತ್ತರ, ಬೋಳು ಬಂಡೆ. ನೀರು ಹಿಡಿಯಲು ಮಣ್ಣಿಲ್ಲ, ತಡೆಯಲು ಗಿಡವಿಲ್ಲ. ಮೇಲೆ ಮಳೆಯಾದ ಕೆಲವೇ ಗಂಟೆಗಳಲ್ಲಿ ಒಣಗಿದ್ದ ವಾಡಿ ದಡ ತುಂಬಿ ಹರಿಯುತ್ತದೆ. ತಗ್ಗಿನ ಊರಲ್ಲಿ ಆಗ ಬಿಸಿಲೇ ಇರಬಹುದು. ಅಲ್ಲಿ ಎಷ್ಟೋ ರಸ್ತೆಗಳು ಸೇತುವೆಯಿಲ್ಲದೆ ವಾಡಿಯೊಳಗೇ ಇಳಿದು ಆಚೆ ಏರುತ್ತವೆ. ಇಕ್ಕೆಲದಲ್ಲಿ ಕೆಂಪು-ಬಿಳಿ ಬಳಿದ ಕಂಬಗಳನ್ನು ನೆಟ್ಟಿರುತ್ತಾರೆ. ನೀರು ಕೆಂಪು ಮುಟ್ಟಿದರೆ ಗಾಡಿ ಇಳಿಸಬಾರದು. ಹರಿಯುವ ವಾಡಿಗೆ ಬೇಕೆಂದೇ ಗಾಡಿ ನುಗ್ಗಿಸಿದವರಿಗೆ ದಂಡವೂ ಜೈಲೂ ಇದೆ. ಆದರೂ ನುಗ್ಗಿಸುತ್ತಾರೆ.

ಹಳೆಯ ಲೆಕ್ಕ ಇಷ್ಟು: 1890ರ ಜೂನ್‌ನಲ್ಲಿ ಮಸ್ಕತ್ ಸುತ್ತಮುತ್ತ ಚಂಡಮಾರುತಕ್ಕೆ 700ಕ್ಕೂ ಹೆಚ್ಚು ಜನ ಸತ್ತರು. 1945ರ ನವೆಂಬರ್‌ನಲ್ಲಿ ಎದುರು ದಂಡೆಯ ಮಕ್ರಾನ್ ಭೂಕಂಪ ಎಬ್ಬಿಸಿದ ಸುನಾಮಿ ಒಮಾನನ್ನೂ ಮುಟ್ಟಿತು, ಮುಂಬೈಯಲ್ಲೂ ಜೀವ ತೆಗೆಯಿತು. 1977ರಲ್ಲಿ ಚಂಡಮಾರುತಕ್ಕೆ ಮಸೀರಾ ದ್ವೀಪದ ಮನೆಗಳು ಬಹುಪಾಲು ನೆಲಸಮವಾದವು. ಅಂದಿನ ಊರುಗಳು ಸಾಮಾನ್ಯವಾಗಿ ದಿಬ್ಬದ ಮೇಲೆ, ಖರ್ಜೂರದ ತೋಟಗಳು ತಗ್ಗಿನಲ್ಲಿ. ಕಾಗದದ ನಕ್ಷೆ ಯಾರ ಬಳಿಯೂ ಇರಲಿಲ್ಲ, ಮನೆ ಎಲ್ಲಿ ಕಟ್ಟಬಾರದೆಂದು ಮಾತ್ರ ಗೊತ್ತಿತ್ತು.

1970ರ ನಂತರ ತೈಲದ ದುಡ್ಡು ಬಂತು, ಸುಮಾರು ಏಳು ಲಕ್ಷವಿದ್ದ ಜನಸಂಖ್ಯೆ ಇಂದು 50 ಲಕ್ಷ ದಾಟಿದೆ. ಪ್ರಜೆಗಳಿಗೆ ಸರ್ಕಾರವೇ ಮನೆ ಸೈಟು ಕೊಡುವ ಪದ್ಧತಿ ಬಂತು, 2008ರಿಂದ ಹೆಂಗಸರಿಗೂ ಆ ಹಕ್ಕು ಸಿಕ್ಕಿತು. ಒಳ್ಳೆಯ ಯೋಜನೆಯೇ. ತೊಡಕು ಇದ್ದದ್ದು ನೆಲದಲ್ಲಿ. ಗುಡ್ಡಕ್ಕೂ ಕಡಲಿಗೂ ನಡುವೆ ಇಕ್ಕಟ್ಟಿನಲ್ಲಿರುವ ಮಸ್ಕತ್‌ನಲ್ಲಿ ಸಮತಟ್ಟು ಜಾಗವೆಂದರೆ ಬಹುಪಾಲು ವಾಡಿಗಳೇ ಹೊತ್ತು ತಂದು ಹರಡಿದ ಜಲ್ಲಿ ನೆಲ. ಹತ್ತು ವರ್ಷ ಒಣಗಿದ್ದ ವಾಡಿ ಸರ್ವೆಯವರ ಕಣ್ಣಿಗೆ ಖಾಲಿ ಜಾಗವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

2007ರ ಜೂನ್‌ನಲ್ಲಿ ಗೋನು ಬಂತು. ಅರಬ್ಬಿ ಸಮುದ್ರದಲ್ಲಿ ಅಲ್ಲಿಯವರೆಗೆ ದಾಖಲಾದ ಚಂಡಮಾರುತಗಳಲ್ಲೇ ಪ್ರಬಲವಾದದ್ದು. ಮುನ್ಸೂಚನೆ ಇತ್ತು, ಮಸೀರಾದಿಂದ ಸಾವಿರಾರು ಜನರನ್ನು ಮೊದಲೇ ಸಾಗಿಸಿದ್ದರು. ಗಾಳಿ ಮಸ್ಕತ್‌ಗೆ ಬರುವಷ್ಟರಲ್ಲಿ ತುಸು ತಗ್ಗಿತ್ತು ಕೂಡ. ರಾಜಧಾನಿಯನ್ನು ಹಾಳುಗೆಡವಿದ್ದು ಹೆಚ್ಚಾಗಿ ಬೆನ್ನ ಹಿಂದಿನ ಗುಡ್ಡಗಳಿಂದ ಇಳಿದ ನೀರು. ಪರ್ವತದ ಕೆಲವೆಡೆ 600 ಮಿ.ಮೀ. ಮಳೆ ಸುರಿಯಿತು. ವಾಡಿ ಅದೈ ತನ್ನ ಕಮರಿಯ ಹೆದ್ದಾರಿಯನ್ನು ಕಿತ್ತುಕೊಂಡು ಖುರಂ ಬಡಾವಣೆಗೆ ನುಗ್ಗಿತು. ಸುಮಾರು 50 ಜನ ಸತ್ತರು, ನಷ್ಟ 400 ಕೋಟಿ ಡಾಲರ್ ದಾಟಿತು. ಆಮೇಲಿನ ದಿನಗಳಲ್ಲಿ ಇನ್ನೊಂದು ಕಷ್ಟ ಬಂತು. ಕಡಲ ನೀರನ್ನು ಸಿಹಿಯಾಗಿಸುವ ಘುಬ್ರಾ ಮತ್ತು ಬರ್ಕಾದ ಘಟಕಗಳು ನಿಂತುಹೋದವು. ಮನೆಯೊಳಗೆ ಕೆಸರು ನೀರು, ನಲ್ಲಿಯಲ್ಲಿ ಹನಿಯೂ ಇಲ್ಲ, ಹೊರಗೆ ಟ್ಯಾಂಕರ್ ಮುಂದೆ ಸರದಿ. ಮಸ್ಕತ್‌ನಲ್ಲಿದ್ದ ನಮ್ಮ ಕರಾವಳಿಯವರೂ ಆ ಸಾಲಿನಲ್ಲಿದ್ದರು.

ಗೋನು ನಂತರ ನೆರೆ ನುಗ್ಗುವ ಜಾಗಗಳನ್ನು ಗುರುತಿಸುವ ನಕ್ಷೆಗಳ ಕೆಲಸ ಬಿರುಸಾಯಿತು. ತಜ್ಞರು ಮೊದಲು ಕೇಳುವುದು ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಷ್ಟು ದೊಡ್ಡದೆಂದು. ಉತ್ತರ ಕೊಡಲು ನೂರು ವರ್ಷದ ಅಳತೆ ಬೇಕು. ಒಮಾನಿನ ವಾಡಿಗಳಲ್ಲಿ ಕ್ರಮಬದ್ಧ ಮಾಪನ ಶುರುವಾದದ್ದೇ 1970ರ ಈಚೆಗೆ, ಅದರಲ್ಲೂ ಬಹುಪಾಲು ವರ್ಷಗಳ ಅಂಕಿ ಸೊನ್ನೆ. ದೊಡ್ಡ ನೆರೆ ಬಂದರೆ ಮಾಪಕವೇ ಕೊಚ್ಚಿಹೋಗುವುದುಂಟು. ಹಾಗಾಗಿ ಬಂಡೆಗೆ ಅಂಟಿದ ಕಸದ ಗೆರೆ ನೋಡಿ ನೀರಿನ ಎತ್ತರ ಊಹಿಸಬೇಕು. ಇಂಥ ಲೆಕ್ಕದ ಮೇಲೆ ನಿಂತ ನಕ್ಷೆಗೆ ಹಿಂದಿನ ನೆರೆ ಚೆನ್ನಾಗಿ ಗೊತ್ತಿರುತ್ತದೆ, ಮುಂದಿನದು ಅಷ್ಟಕ್ಕಷ್ಟೆ. 2010ರಲ್ಲಿ ಫೆಟ್ ಚಂಡಮಾರುತ ಬಂದು ಖುರಯ್ಯಾತ್‌ನಲ್ಲಿ ಸುಮಾರು 490 ಮಿ.ಮೀ. ಸುರಿದಾಗ ಇದು ಮತ್ತೊಮ್ಮೆ ಮನವರಿಕೆಯಾಯಿತು.

ಆದರೂ ಆದ ಕೆಲಸ ಸಣ್ಣದಲ್ಲ. ವಾಡಿ ಅದೈಯ ನೀರು ತಡೆಯಲು ಅಮೆರಾತ್‌ನಲ್ಲಿ ಅಣೆಕಟ್ಟು ಎದ್ದಿತು. 2015ರಲ್ಲಿ ಚಂಡಮಾರುತ, ನೆರೆ, ಸುನಾಮಿ ಮೂರನ್ನೂ ಗಮನಿಸುವ ರಾಷ್ಟ್ರೀಯ ಮುನ್ನೆಚ್ಚರಿಕೆ ಕೇಂದ್ರ ಮಸ್ಕತ್‌ನಲ್ಲಿ ತೆರೆಯಿತು. ಸ್ಪೇನ್‌ನ ಕಾಂಟಾಬ್ರಿಯಾ ವಿಶ್ವವಿದ್ಯಾಲಯದವರ ಜೊತೆ ಸೇರಿ ಕರಾವಳಿಯ ಸುನಾಮಿ ಅಪಾಯವನ್ನು ಅಳೆದರು. ಭೂವಿಜ್ಞಾನಿಗಳು ದಡದ ಮೇಲೆ ಬಿದ್ದಿದ್ದ ಭಾರೀ ಬಂಡೆಗಳನ್ನು ಪರೀಕ್ಷಿಸಿ, ಸುಮಾರು 1,000 ವರ್ಷಗಳ ಹಿಂದೆ 1945ರದ್ದಕ್ಕಿಂತ ದೊಡ್ಡ ಸುನಾಮಿ ಬಂದಿರಬೇಕೆಂದರು.

ಮನುಷ್ಯರೇ ತಂದುಕೊಂಡ ಅಪಾಯಗಳಿಗೆ ಇಷ್ಟು ಗಮನ ಸಿಕ್ಕಿಲ್ಲ. ಬಾತಿನಾ ಕರಾವಳಿಯ ತೋಟಗಳಲ್ಲಿ ಪಂಪು ಹಾಕಿ ಮಿತಿಮೀರಿ ನೀರೆತ್ತಿದ್ದರಿಂದ ಬಾವಿಗಳಿಗೆ ಸಮುದ್ರದ ಉಪ್ಪು ನುಗ್ಗಿದೆ. ಅದಕ್ಕೆಂದೇ 1985ರಲ್ಲಿ ಅಲ್ ಖೌದ್‌ನಂಥ ನೀರಿಂಗಿಸುವ ಕಟ್ಟೆಗಳನ್ನು ಕಟ್ಟಿದರು. ಅವುಗಳಲ್ಲೀಗ ಹೂಳು. ಬಾವಿ ಉಪ್ಪಾದಷ್ಟೂ ಜನ ಕಡಲ ನೀರಿನ ಘಟಕಗಳನ್ನೇ ನಂಬಬೇಕು. 2008-09ರಲ್ಲಿ ಸಮುದ್ರದಲ್ಲಿ ಕೆಂಪು ಪಾಚಿ ಹಬ್ಬಿದಾಗ ಅಂಥ ಘಟಕಗಳೂ ಬಾಗಿಲು ಹಾಕಿದ್ದವು. ಚಂಡಮಾರುತದ ನಕ್ಷೆ ಒಂದು ಕಡೆ, ಕುಡಿಯುವ ನೀರಿನ ನಕ್ಷೆ ಇನ್ನೊಂದು ಕಡೆ ಇದ್ದರೆ ಗೋನು ಕಲಿಸಿದ್ದು ಕೈಗೆ ಹತ್ತಿದಂತಾಗದು.

2021ರ ಅಕ್ಟೋಬರ್‌ನಲ್ಲಿ ಬಂದ ಶಾಹೀನ್ ಚಂಡಮಾರುತದ ಬೇರು ಇದ್ದದ್ದು ಬಂಗಾಳ ಕೊಲ್ಲಿಯಲ್ಲಿ. ಗುಲಾಬ್ ಎಂಬ ಹೆಸರಿನಲ್ಲಿ ಆಂಧ್ರದ ಕರಾವಳಿಗೆ ಅಪ್ಪಳಿಸಿ, ದಖ್ಖನ್ ದಾಟಿ, ಅರಬ್ಬಿ ಸಮುದ್ರದಲ್ಲಿ ಮತ್ತೆ ಬಲಗೊಂಡು ಬಾತಿನಾಕ್ಕೆ ಹೊಡೆಯಿತು. ಆ ಉತ್ತರ ಕರಾವಳಿಗೆ 1890ರ ನಂತರ ಚಂಡಮಾರುತ ನೇರ ಬಂದಿರಲಿಲ್ಲ. ಖಾಬೂರಾದಲ್ಲಿ ಸುಮಾರು 370 ಮಿ.ಮೀ. ಮಳೆಯಾಗಿ ಊರೂರೇ ಕೆಸರಲ್ಲಿ ಹೂತವು. ಮನೆ ಕಳೆದುಕೊಂಡವರಿಗೆ ಸರ್ಕಾರ ಹೊಸ ಮನೆ ಕಟ್ಟಿಸಿಕೊಟ್ಟಿತು.

ಮನೆ ಕಟ್ಟಿಸಿಕೊಡುವುದು ದುಡ್ಡಿದ್ದರೆ ಆಗುವ ಕೆಲಸ. ನಕ್ಷೆಯಲ್ಲಿ ಕೆಂಪು ಬಿದ್ದ ಸೈಟಿನ ಕಥೆ ಬೇರೆ. ಅದರ ಕಾಗದಪತ್ರ ಸರಿಯಾಗಿಯೇ ಇದೆ, ಮಗನ ಮದುವೆಗೆಂದು ಮೇಲೆ ಇನ್ನೊಂದು ಮಹಡಿಯೂ ಎದ್ದಿದೆ. ತೆರವು ಮಾಡಿ ಎಂದರೆ ಬದಲಿ ಜಾಗ ತೋರಿಸಬೇಕು. ಮಸ್ಕತ್‌ನಲ್ಲಿ ಇನ್ನೂ ಖಾಲಿಯಿರುವ ಸಮತಟ್ಟು ನೆಲದಲ್ಲೂ ಬಹುಪಾಲು ಯಾವುದೋ ವಾಡಿಗೆ ಸೇರಿದ್ದೇ.